ಡೀಪ್ ಸ್ಪೇಸ್ ನೈನ್: ಕಾಲು ಸರಿಯಿದ್ದರೂ ನಾಗ್ ಕುಂಟೋದು ಯಾಕೆ? ಕೊಡಚಾದ್ರಿ ನಾಟಕಕ್ಕೆ ಸಲಹೆ ಬೇಕು

ತುಂಗೆಯ ದಡ (ಶಿವಮೊಗ್ಗ):

ಸ್ಟಾರ್ ಟ್ರೆಕ್ ಅರೆದು ಕುಡಿದವರೂ ಮನೋವೈದ್ಯದ ಕಡೆಯವರೂ ಇಲ್ಲಿ ಒಟ್ಟಿಗೆ ಸಿಗ್ತೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ‘ಡೀಪ್ ಸ್ಪೇಸ್ ನೈನ್’ ಏಳನೇ ಸೀಸನ್ನಿನ ಎಂಟನೇ ಕಂತು ‘ದ ಸೀಜ್ ಆಫ್ ಎಆರ್-558’, ಹತ್ತನೇ ಕಂತು ‘ಇಟ್ಸ್ ಓನ್ಲಿ ಎ ಪೇಪರ್ ಮೂನ್’. ಎರಡೂ 1998ರ ಕೊನೆಯಲ್ಲಿ ಪ್ರಸಾರವಾದವು.

ನೋಡದವರಿಗೆ ಕಥೆ ಇಷ್ಟು. ಎಆರ್-558 ಅನ್ನೋ ಬರಡು ಗ್ರಹದ ಮೇಲೆ ಶತ್ರುಗಳಿಂದ ಕಸಿದುಕೊಂಡ ಒಂದು ಸಂಪರ್ಕ ಕೇಂದ್ರ. ಅದನ್ನು ಕಾಯೋಕೆ ಇಳಿದವರು 150 ಜನ, ಐದು ತಿಂಗಳ ಮೇಲೆ ಉಳಿದವರು 43. ಸಾಮಾನು ಇಳಿಸಿ ಹೋಗೋಕೆ ಬಂದ ಕ್ಯಾಪ್ಟನ್ ಸಿಸ್ಕೋ ತಂಡ ಅಲ್ಲೇ ನಿಲ್ಲಬೇಕಾಗುತ್ತೆ. ಎಳೆಯ ಅಧಿಕಾರಿ ನಾಗ್ ಕಾಲಿಗೆ ಏಟು ಬಿದ್ದು ಕಾಲು ತೆಗೀಬೇಕಾಗುತ್ತೆ. ಹತ್ತನೇ ಕಂತಲ್ಲಿ ಹೊಸ ಕಾಲು ಕೂರಿಸಿ ಕಳಿಸಿದ್ದಾರೆ. ಅದರಲ್ಲಿ ದೋಷವೇ ಇಲ್ಲ ಅಂತಾರೆ ವೈದ್ಯರು. ಆದರೂ ಅವನಿಗೆ ನೋವು, ಕೋಲೂರಿಕೊಂಡೇ ಓಡಾಟ. ಕೊನೆಗೆ ಹೋಲೋಸೂಟ್ (ಬೆಳಕಿನಿಂದ ನಿಜದಂಥ ಜಗತ್ತನ್ನೇ ಕಟ್ಟಿಕೊಡೋ ಕೋಣೆ) ಒಳಗಿನ 1962ರ ಲಾಸ್ ವೇಗಸ್‌ಗೆ ಹೋಗಿ, ಗಾಯಕ ವಿಕ್ ಫಾಂಟೇನ್ ಅನ್ನೋ ಬೆಳಕಿನ ಮನುಷ್ಯನ ಜೊತೆ ಬಿಡಾರ ಹೂಡ್ತಾನೆ.

ಇದೇ ಜಾಡಿನಲ್ಲಿ ಇಲ್ಲಿನ ಹವ್ಯಾಸಿ ತಂಡಕ್ಕೆ ಮೂರಂಕದ ನಾಟಕ ಬರೀತಿದ್ದೀನಿ. ಮುಂದೆಂದೋ ಒಂದು ಕಾಲ. ಕೊಡಚಾದ್ರಿ ತುದಿಯ ಸಿಗ್ನಲ್ ಕೇಂದ್ರವನ್ನು ಹತ್ತು ಜನ ಇಡೀ ಮಳೆಗಾಲ ಕಾಯ್ತಾರೆ. ಮಂಜಿನಿಂದ ಡ್ರೋನ್ ಬರಲ್ಲ, ಬದಲಿ ಪಡೆ ಬರಲ್ಲ. ಎರಡನೇ ಅಂಕದಲ್ಲಿ ಒಬ್ಬ ಕಾಲು ಕಳ್ಕೊಳ್ತಾನೆ. ಮೂರನೇ ಅಂಕ ಶಿವಮೊಗ್ಗದಲ್ಲಿ, ಅವನ ಚೇತರಿಕೆ.

ನನಗೆ ಕಗ್ಗಂಟಾಗಿರೋದು ಇವು. ದೋಷವಿಲ್ಲದ ಕಾಲು ನೋಯೋದು ವೈದ್ಯಕೀಯವಾಗಿ ಸರಿಯಾ, ಅಥವಾ ಕಥೆಗೆ ಬೇಕು ಅಂತ ಹಾಕಿದ್ದಾ? ಹೋಲೋಸೂಟ್ ಅವನಿಗೆ ಚಿಕಿತ್ಸೆಯಾಯ್ತಾ, ಇಲ್ಲಾ ಬಚ್ಚಿಟ್ಟುಕೊಳ್ಳೋ ಜಾಗವಾಯ್ತಾ? ಮೂರನೇದು, ಬರೆಯುವಾಗ ನನ್ನ ಹತ್ತೂ ಜನ ಒಂದೇ ಥರ ಕಿರುಚಾಡ್ತಾರೆ, ಒಂದೇ ಥರ ಕುಸೀತಾರೆ. ಯಾರು, ಎಷ್ಟು ದಿನಕ್ಕೆ, ಹೇಗೆ ಮುರೀತಾರೆ ಅನ್ನೋದಕ್ಕೆ ಲೆಕ್ಕಾಚಾರ ಏನಾದ್ರೂ ಇದೆಯಾ?

ಹೊಸನಗರ ಹೋಲೋಸೂಟ್:

ಮೂರನೇ ಪ್ರಶ್ನೆಗೆ ಉತ್ತರ ಕಂತಿನೊಳಗೇ ಇದೆ. ಮಾತಿಗೆ ಕಿವಿ ಕೊಡೋದು ಬಿಟ್ಟು ಪ್ರತಿಯೊಬ್ಬನ ಕೈಯಲ್ಲಿ ಏನಿದೆ ಅಂತ ನೋಡಿ.

ವಾರ್ಗಾಸ್ ಕೈಗೆ ಹಳೇ ಪಟ್ಟಿ. ಡಾಕ್ಟರ್ ಬಶೀರ್ ಬಿಚ್ಚಿ ಬೇರೆ ಹಾಕ್ತೀನಿ ಅಂದ್ರೆ ಮೈಮೇಲೆ ಏರಿ ಬರ್ತಾನೆ. ಆ ಪಟ್ಟಿ ಜೊತೆಗಾರನೊಬ್ಬ ತನ್ನ ಸಮವಸ್ತ್ರ ಹರಿದು ಕಟ್ಟಿದ್ದು, ಕಟ್ಟಿದವನು ಅಲ್ಲೇ ಸತ್ತ. ಸತ್ತವನು ಇವನಿಗೆ ಪ್ರಾಣಸ್ನೇಹಿತನೇನಲ್ಲ, ವಟವಟ ಅಂತ ತಲೆ ತಿನ್ನೋನು ಅಂತ ಇವನಿಗೆ ಕಂಡರಾಗ್ತಿರಲಿಲ್ಲ. ದೃಶ್ಯ ನಿಂತಿರೋದೇ ಅದರ ಮೇಲೆ. ರೀಸ್ ನೋಡಿ: ಕೊಂದ ಶತ್ರು ಸೈನಿಕರಾದ ಜೆಮ್‌ಹಡಾರ್‌ಗಳ ಕೆಟ್ರಾಸೆಲ್ ವೈಟ್ ಅನ್ನೋ ಮದ್ದಿನ ಕೊಳವೆಗಳನ್ನು ಕೊರಳಿಗೆ ಹಾಕ್ಕೊಂಡಿದ್ದಾನೆ, ಕೈಯಲ್ಲಿ ಚಾಕು, ಮಾತು ತೀರಾ ಕಮ್ಮಿ. ಲಾರ್ಕಿನ್ ಹಿರಿಯರೆಲ್ಲ ಸತ್ತ ಮೇಲೆ ಅಧಿಕಾರ ವಹಿಸಿಕೊಂಡವಳು. ಅವಳಲ್ಲಿ ಉಳಿದಿರೋದು ಸಿಡುಕು, ಮತ್ತು ಮುಂಚೂಣಿಯವರನ್ನು 90 ದಿನಕ್ಕೆ ಬದಲಿಸಬೇಕು ಅನ್ನೋ ನಿಯಮ ಕಾಗದದಲ್ಲೇ ಉಳಿಯಿತಲ್ಲ ಅನ್ನೋ ಕಹಿ. ಒಬ್ಬನಿಗೆ ದುಃಖ ಸಿಟ್ಟಾಗಿದೆ, ಒಬ್ಬನಿಗೆ ಕೊಲ್ಲೋದೇ ಕಸುಬಾಗಿದೆ, ಒಬ್ಬಳು ಕರ್ತವ್ಯದ ಬಲದಲ್ಲಿ ನಿಂತಿದ್ದಾಳೆ. ಕಿರುಚೋರು ಎಷ್ಟು ಕಮ್ಮಿ ಅಂತ ಎಣಿಸಿ.

ಇನ್ನು ಹುಡಿನಿ. ಕಣ್ಣಿಗೆ ಕಾಣದ ‘ಉಪಆಕಾಶ’ದಲ್ಲಿ ಅಡಗಿದ್ದು ಯಾವಾಗಂದ್ರೆ ಆವಾಗ ಹೊರಬಂದು ಸಿಡಿಯೋ ನೆಲಬಾಂಬ್. ಮನಸ್ಸಿನ ದೃಷ್ಟಿಯಿಂದ ಇಡೀ ಕಂತಿನ ಅತಿ ಕ್ರೂರ ವಸ್ತು ಅದು, ಯಾಕಂದ್ರೆ ಎಷ್ಟು ಎಚ್ಚರ ಇದ್ರೂ ಉಪಯೋಗವಿಲ್ಲ. ಶತ್ರು ಬರ್ತಾನೆ ಅಂದ್ರೆ ಕಾಯೋಕೆ ಒಂದು ದಿಕ್ಕಿರುತ್ತೆ. ಇಲ್ಲಿ ನಡೆಯೋ ಪ್ರತಿ ಹೆಜ್ಜೆಯೂ ಜೂಜು. ಸಿಸ್ಕೋ ತಂಡದ ಎಜ್ರಿ ಮತ್ತು ಕೇಂದ್ರದ ಕೆಲ್ಲಿನ್ ಅವನ್ನು ಪತ್ತೆ ಹಚ್ಚಿದ ಮೇಲೆ ಸಿಸ್ಕೋ ಅದೇ ಬಾಂಬುಗಳನ್ನು ಶತ್ರುಗಳ ದಾರಿಗೆ ಇಡ್ತಾನೆ. ಗಂಟೆ ಮುಂಚೆ ‘ಇಂಥದ್ದನ್ನ ಎಂಥವರು ಮಾಡ್ತಾರೆ’ ಅಂತ ಬೈತಿದ್ದವರೇ ಈಗ ಸಿಡಿಯೋದನ್ನ ಕಾದು ಕೂತಿರ್ತಾರೆ. ನಿಮ್ಮ ನಾಟಕದಲ್ಲಿ ಇಂಥ ಒಂದು ತಿರುವು ಇರಲಿ.

ನಿರ್ದೇಶಕ ವಿನ್ರಿಚ್ ಕೋಲ್ಬೆ ವಿಯೆಟ್ನಾಂ ಯುದ್ಧದಲ್ಲಿ ಕೆಲಸ ಮಾಡಿದವರು. ಕಾಯೋ ದೃಶ್ಯಗಳು ಹೊಡೆದಾಟಕ್ಕಿಂತ ಉದ್ದ ಇರೋದು ಆಕಸ್ಮಿಕ ಅಂತ ನನಗನ್ನಿಸಲ್ಲ.

ಮಧ್ಯರಾತ್ರಿ ಪಾಳಿ (ಸಾಗರ):

ಮೊದಲ ಎರಡು ಪ್ರಶ್ನೆಗೆ ನಾನು.

ಕಾಲು ನೋವಿನ ಹಿಂದೆ ಮೂರು ಬೇರೆ ಬೇರೆ ವಿಷಯ ಇರಬಹುದು. ನಾಟಕಕಾರರು ಮೂರನ್ನೂ ಕಲಸಿ ‘ಎಲ್ಲಾ ಮನಸ್ಸಿಂದು’ ಅಂದುಬಿಡ್ತಾರೆ. ಒಂದು, ಛಾಯಾಂಗ ನೋವು. ಕತ್ತರಿಸಿ ತೆಗೆದ ಅಂಗವೇ ನೋಯೋದು. ಅಂಗ ಕಳಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದು ಬರುತ್ತೆ, ಮಿದುಳಿನಲ್ಲಿ ಆ ಕಾಲಿನ ನಕ್ಷೆ ಅಳಿಸಿಹೋಗಿರಲ್ಲ. ಇಲ್ಲದ ಪಾದದ ಬೆರಳು ಮಡಚಿ ಸೆಟೆದಿದೆ, ಬಿಚ್ಚೋಕೆ ಆಗ್ತಿಲ್ಲ ಅಂತ ರೋಗಿ ಹೇಳ್ತಾನೆ. ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತಂದ ಕನ್ನಡಿ ಚಿಕಿತ್ಸೆ ಇದಕ್ಕೇ. ಎರಡು ಕಾಲಿನ ನಡುವೆ ಉದ್ದುದ್ದ ಕನ್ನಡಿ ನಿಲ್ಲಿಸ್ಬೇಕು, ಗಾಜು ಒಳ್ಳೇ ಕಾಲಿನ ಕಡೆಗೆ. ಒಳ್ಳೇ ಕಾಲಿನ ಬೆರಳು ಮಡಚಿ ಬಿಚ್ಚಿದ್ರೆ ಕಳೆದುಹೋದ ಕಾಲೇ ಆಡಿದ ಹಾಗೆ ಕಾಣುತ್ತೆ. ಅಮೆರಿಕದ ಸೈನಿಕ ಆಸ್ಪತ್ರೆಯಲ್ಲಿ ದಿನಕ್ಕೆ 15 ನಿಮಿಷದಂತೆ 4 ವಾರ ಮಾಡಿಸಿದ ಪ್ರಯೋಗ 2007ರಲ್ಲಿ ಪ್ರಕಟವಾಗಿದೆ. ಕನ್ನಡಿ ನೋಡಿದವರಿಗೆ ನೋವು ಇಳಿಯಿತು, ಮುಚ್ಚಿದ ಕನ್ನಡಿ ಮುಂದೆ ಅದೇ ವ್ಯಾಯಾಮ ಮಾಡಿದವರಿಗೆ ಅಷ್ಟು ಇಳಿಯಲಿಲ್ಲ. ರಂಗದ ಮೇಲೆ ಇದಕ್ಕೆ ಮೂರಡಿ ಕನ್ನಡಿ ಸಾಕು.

ಎರಡು, ಕ್ರಿಯಾತ್ಮಕ ನರಲಕ್ಷಣ. ತಂತಿ ಸರಿಯಿದೆ, ಸಂಕೇತ ಹೋಗ್ತಿಲ್ಲ. ಇದನ್ನು ಗುರುತಿಸೋಕೆ ಹೂವರ್ ಪರೀಕ್ಷೆ ಅಂತಿದೆ, ಇದು ನೋವಿಗಲ್ಲ, ಬಲಹೀನತೆಗೆ. ರೋಗಿಯನ್ನು ಅಂಗಾತ ಮಲಗಿಸಿ. ಸೋತ ಕಾಲಿನ ಹಿಮ್ಮಡಿ ಕೆಳಗೆ ನಿಮ್ಮ ಅಂಗೈ ಇಡಿ. ‘ಈ ಹಿಮ್ಮಡಿ ಒತ್ತು’ ಅಂದ್ರೆ ಏನೂ ಒತ್ತಲ್ಲ. ಈಗ ಇನ್ನೊಂದು ಕೈಯಲ್ಲಿ ಒಳ್ಳೇ ಕಾಲನ್ನು ಅದುಮಿ ಹಿಡಿದು ‘ಇದನ್ನ ಎತ್ತು’ ಅನ್ನಿ. ಎತ್ತೋಕೆ ಹೊರಟ ಕ್ಷಣ ಸೋತ ಹಿಮ್ಮಡಿ ತಾನಾಗೇ ನಿಮ್ಮ ಅಂಗೈಯನ್ನು ಒತ್ತುತ್ತೆ. ದಯವಿಟ್ಟು ಗಮನಿಸಿ: ‘ಸಿಕ್ಕಿಬಿದ್ದ ಕಳ್ಳ’ ಅಂತ ತೋರಿಸೋ ಪರೀಕ್ಷೆ ಅಲ್ಲ ಇದು. ರೋಗಿ ನಟಿಸ್ತಿಲ್ಲ. ಈಗಿನ ಪದ್ಧತಿ ಅಂದ್ರೆ ಅವನಿಗೇ ಇದನ್ನು ತೋರಿಸಿ, ‘ದಾರಿ ಮುಚ್ಚಿಲ್ಲ ನೋಡು, ಕಾಲಿಗೆ ಬಲ ಇದೆ’ ಅಂತ ಹೇಳೋದು.

ಮೂರನೇದು ಆಘಾತೋತ್ತರ ಒತ್ತಡದ ಕಾಯಿಲೆ, ಪಿಟಿಎಸ್‌ಡಿ. ಈ ಹೆಸರು ಅಮೆರಿಕದ ಮನೋವೈದ್ಯಕೀಯ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಘಟನೆ ಆಗಿ ಒಂದು ತಿಂಗಳು ಕಳೆಯೋ ತನಕ ಈ ಹಣೆಪಟ್ಟಿ ಹಚ್ಚೋ ಹಾಗಿಲ್ಲ, ಅಲ್ಲಿವರೆಗೆ ಅದು ತೀವ್ರ ಒತ್ತಡದ ಪ್ರತಿಕ್ರಿಯೆ. ಬಹಳ ಜನ ಆ ತಿಂಗಳಲ್ಲೇ ತಾವಾಗಿ ಸುಧಾರಿಸ್ಕೊಳ್ತಾರೆ. ನಿಮ್ಮ ಎರಡನೇ ಅಂಕದಲ್ಲೇ ವೈದ್ಯೆ ಬಂದು ‘ಇದು ಪಿಟಿಎಸ್‌ಡಿ’ ಅಂದ್ರೆ ತಪ್ಪು. ಮತ್ತೆ, ದಾಳಿ ಆದ ರಾತ್ರಿಯೇ ಎಲ್ಲರನ್ನೂ ಸುತ್ತ ಕೂರಿಸಿ ಅನುಭವ ಬಾಯಿ ಬಿಡಿಸೋ ದೃಶ್ಯವನ್ನೂ ಇಡಬೇಡಿ. ಒಂದೇ ಸಲದ ಕಡ್ಡಾಯ ಹೇಳಿಕೆಯಿಂದ ಲಾಭ ಕಂಡಿಲ್ಲ, ಕೆಲವರಿಗೆ ಕೆಡುಕೂ ಆಗಿದೆ. ಆ ರಾತ್ರಿ ಬೇಕಾಗಿರೋದು ಬಿಸಿ ಊಟ, ಒಣ ಬಟ್ಟೆ, ನಿದ್ದೆ, ಪಕ್ಕದಲ್ಲಿ ಗುರುತಿನವರು.

ಈಗ ಹೋಲೋಸೂಟ್. ವಿಕ್ ಮಾಡಿದ ಒಳ್ಳೇ ಕೆಲಸ ಕಮ್ಮಿಯೇನಲ್ಲ. ಹೊತ್ತಿಗೆ ಏಳಿಸ್ತಾನೆ, ಲೆಕ್ಕದ ಪುಸ್ತಕ ಕೈಗೆ ಕೊಡ್ತಾನೆ. ವ್ಯಾಪಾರವೇ ಉಸಿರಾದ ಫೆರೆಂಗಿ ಕುಲದ ಹುಡುಗ, ಲೆಕ್ಕ ಅಂದ್ರೆ ರಕ್ತದಲ್ಲೇ ಇದೆ, ಹುರುಪು ಬರುತ್ತೆ. ಆದರೆ ಒಳಗಿದ್ದಷ್ಟೂ ದಿನ ಎಆರ್-558 ಬಗ್ಗೆ ಬಾಯಿ ಬಿಡಬೇಕಾದ ಪ್ರಸಂಗವೇ ಬರಲ್ಲ. ಹೊರಗಿಂದ ಜೇಕ್ ಬಂದು ಸ್ವಲ್ಪ ಕೆದಕಿದ್ದಕ್ಕೇ ಗೆಳೆಯನಿಗೆ ಗುದ್ದು ಬೀಳುತ್ತೆ. ನಮ್ಮ ಲೆಕ್ಕದಲ್ಲಿ ಇದು ತಪ್ಪಿಸಿಕೊಳ್ಳುವಿಕೆ, ಪಿಟಿಎಸ್‌ಡಿಯ ನಾಲ್ಕು ಗುಂಪಿನ ಲಕ್ಷಣಗಳಲ್ಲಿ ಒಂದು. ಉಳಿದ ಮೂರು: ನೆನಪು ನುಗ್ಗಿ ಬರೋದು, ಮನಸ್ಸು ಮಂಕಾಗಿ ತನ್ನನ್ನೂ ಜಗತ್ತನ್ನೂ ಹಳಿಯೋದು, ಸದಾ ಬೆಚ್ಚಿ ಎಚ್ಚರವಾಗಿರೋದು. ವಿಕ್ ಕೊಡೋ ಚಂದದ ಕೋಲು ಕೂಡ ನಮ್ಮ ಕಣ್ಣಿಗೆ ಅಡ್ಡಿಯೇ. ಆಸರೆ ಇರೋ ತನಕ ‘ಇದಿಲ್ಲದೆಯೂ ನಡೆಯಬಲ್ಲೆ’ ಅಂತ ಮಿದುಳು ಕಲಿಯೋಕೆ ಆಸ್ಪದ ಇಲ್ಲ.

ತಮಾಷೆ ಏನಂದ್ರೆ, ಈ ಕಂತು ಬಂದ ಕಾಲಕ್ಕೇ ಅಟ್ಲಾಂಟಾದಲ್ಲಿ ನಿಜವಾದ ಹೋಲೋಸೂಟ್ ಶುರುವಾಗಿತ್ತು. ವಿಯೆಟ್ನಾಂನಿಂದ ಮರಳಿದ ಯೋಧರಿಗೆ ತಲೆಗೆ ಪರದೆ ಕಟ್ಟಿ ಚಿಕಿತ್ಸೆ. ಅವರನ್ನ ಕರ್ಕೊಂಡು ಹೋಗಿದ್ದು ಕ್ಯಾಸಿನೋಗಲ್ಲ, ಹೆಲಿಕಾಪ್ಟರ್ ಸದ್ದಿರೋ ಅದೇ ಕಾಡಿಗೆ. ವಿಕ್‌ನ ದಿಕ್ಕಿಗೆ ತದ್ವಿರುದ್ಧ. ಭಯದ ಜಾಗಕ್ಕೆ ಅಳತೆ ಮಾಡಿ ಮತ್ತೆ ಮತ್ತೆ ಕರೆದೊಯ್ಯೋದೇ ಇವತ್ತಿಗೂ ಗಟ್ಟಿ ಚಿಕಿತ್ಸೆ. ಸಾಮಾನ್ಯವಾಗಿ 8ರಿಂದ 15 ಭೇಟಿ, ವಾರಕ್ಕೊಂದೋ ಎರಡೋ, ತಲಾ 90 ನಿಮಿಷ. ಕಣ್ಣು ಮುಚ್ಚಿ ಘಟನೆಯನ್ನು ಈಗ ನಡೀತಿದೆ ಅನ್ನೋ ಹಾಗೆ ಹೇಳ್ಬೇಕು: ‘ನಾನು ಬಂಡೆ ಹಿಂದೆ ಕೂತಿದ್ದೀನಿ, ಲಾರ್ಕಿನ್ ಬೀಳ್ತಿದ್ದಾಳೆ.’ ಸುಮಾರು 30-45 ನಿಮಿಷ, ಮುಗಿದರೆ ಮತ್ತೆ ಮೊದಲಿಂದ. ಅದನ್ನ ರೆಕಾರ್ಡ್ ಮಾಡಿ ಮನೇಲಿ ದಿನಾ ಕೇಳ್ಬೇಕು.

ಇದರ ಜೊತೆಗೆ ಏಣಿ. ತಪ್ಪಿಸಿಕೊಳ್ಳೋ ಜಾಗಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಭಯದ ಅಂಕ. ನಿಮ್ಮ ಯೋಧನಿಗೆ ಹೀಗಿರಬಹುದು: ಮಳೆ ಬೀಳುವಾಗ ಕಿಟಕಿ ತೆರೆದು ಕೂರೋದು 35, ಸಂಜೆ ಗಾಂಧಿಬಜಾರಿನ ಗದ್ದಲದಲ್ಲಿ ಬೆನ್ನ ಹಿಂದೆ ಜನ ಬಿಟ್ಟುಕೊಂಡು ನಿಲ್ಲೋದು 50, ಕೋಲಿಲ್ಲದೆ ತುಂಗಾ ಸೇತುವೆ ದಾಟೋದು 60, ಹೊಸನಗರದ ಬಸ್ಸಲ್ಲಿ ಕಿಟಕಿ ಪಕ್ಕ ಕೂರೋದು 75, ನಿಟ್ಟೂರಲ್ಲಿ ಇಳಿದು ತಲೆ ಎತ್ತಿ ಬೆಟ್ಟ ನೋಡೋದು 95. ಮಧ್ಯದಿಂದ ಶುರು ಮಾಡಿ ಮೇಲೆ ಹತ್ತಿಸ್ತಾರೆ. ಕೆಡೋದು ಎಲ್ಲಿ ಅಂದ್ರೆ, ಭಯ ಏರಿ ತುದಿ ಮುಟ್ಟಿದಾಗ ಎದ್ದು ಓಡಿಹೋದರೆ. ಓಡಿದ್ದಕ್ಕೇ ಬದುಕಿದೆ ಅಂತ ಮಿದುಳು ಬರ್ಕೊಳ್ಳುತ್ತೆ, ಮುಂದಿನ ಸಲ ಇನ್ನೂ ಕಷ್ಟ. ಕಿವಿಗೆ ಹಾಡು ತುರುಕಿಕೊಂಡು ಹೋದರೂ ಅಷ್ಟೇ. ಹೋಗೋ ಮುಂಚೆ ಡಯಾಜೆಪಾಮ್ ಥರದ ಮಾತ್ರೆ ನುಂಗೋದೂ ಬೇಡ, ಆ ಜಾತಿಯ ಮಾತ್ರೆ ಪಿಟಿಎಸ್‌ಡಿಗೆ ಬೇಡ ಅಂತಲೇ ಮಾರ್ಗಸೂಚಿಗಳಿವೆ. ಔಷಧ ಬೇಕೇ ಆದರೆ ಸರ್ಟ್ರಲಿನ್, ಪ್ಯಾರಾಕ್ಸೆಟಿನ್ ಗುಂಪು, ಅದೂ ಫಲ ಕಾಣೋಕೆ ವಾರಗಟ್ಟಲೆ ಬೇಕು.

ಹಾಗಾಗಿ ವಿಕ್ ತನ್ನ ಪ್ರೋಗ್ರಾಮನ್ನು ತಾನೇ ಆರಿಸಿಕೊಂಡು ನಾಗ್‌ನನ್ನ ಹೊರದಬ್ಬೋದು ನಾಟಕಕ್ಕೆ ಚಂದ, ಕ್ಲಿನಿಕ್ಕಿಗಲ್ಲ. ಆದರೆ ಅದರ ನಂತರ ಬರೋ ಮಾತು ಮಾತ್ರ ನೂರಕ್ಕೆ ನೂರು ಸರಿ. ಕಾಲು ಹೋದದ್ದಕ್ಕಲ್ಲ ಅವನಿಗೆ ಭಯ, ನನಗೂ ಹೀಗೆ ಆಗಬಹುದು ಅನ್ನೋದಾದ್ರೆ ಇನ್ನು ಏನು ಬೇಕಾದ್ರೂ ಆಗಬಹುದು ಅನ್ನೋದಕ್ಕೆ. ಕೋಲು ಊರ್ತಿದ್ದದ್ದು ಆ ಭಯ. ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅಂತೀವಲ್ಲ, ಹಾಗೆ.

ಕರಪತ್ರದ ಹಿಂದೆ ಟೆಲಿ ಮಾನಸ್ ಸಂಖ್ಯೆ 14416 ಅಚ್ಚು ಹಾಕಿಸಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಂಥ ನಾಟಕ ನೋಡಿ ಮನೆಗೆ ಹೋದವರಿಗೆ ಬೇಕಾಗುತ್ತೆ.

ಕೆರೆ ಏರಿ:

ಹೋಲೋಸೂಟ್ ಅವರು ಹೇಳಿದ ಹುಡಿನಿ ತಿರುವಿಗೆ ಒಂದು ಸಾಲು. ಅದು ಭಯದ ಗಾಯ ಅಲ್ಲ, ನೈತಿಕ ಗಾಯ. ತನಗೇನಾಯ್ತು ಅನ್ನೋದಕ್ಕಲ್ಲ, ತಾನೇನು ಮಾಡಿದೆ ಅನ್ನೋದಕ್ಕೆ ನೋಯೋದು. ಅದಕ್ಕೆ ಏಣಿ ಹತ್ತಿಸೋ ಚಿಕಿತ್ಸೆ ಒಂದೇ ಸಾಲಲ್ಲ. ನಾಟಕದಲ್ಲಿ ಕಾಲು ಹೋದವನಿಗೆ ಒಂದು, ಬಾಂಬ್ ಇಟ್ಟ ಮುಖ್ಯಸ್ಥನಿಗೆ ಇನ್ನೊಂದು ಕೊಟ್ಟು ಬೇರೆ ಬೇರೆಯಾಗೇ ಇಡಿ. ಇಬ್ಬರ ಮಾತೂ ಒಂದೇ ಆಗೋದು ಅಲ್ಲಿಂದಲೇ ತಪ್ಪುತ್ತೆ.

ಸಿಗ್ನಲ್ ಗುಡ್ಡ (ತೀರ್ಥಹಳ್ಳಿ):

ದಿನದ ಲೆಕ್ಕ ಕೇಳಿದ್ದೀರಲ್ಲ. ಎರಡನೇ ಮಹಾಯುದ್ಧದ ನಂತರ 1946ರಲ್ಲಿ ಎರಡು ಪ್ರಸಿದ್ಧ ಲೇಖನ ಬಂದವು. ಸ್ವಾಂಕ್ ಮತ್ತು ಮಾರ್ಚಂಡ್ ನಾರ್ಮಂಡಿಯ ಅಮೆರಿಕನ್ ಕಾಲಾಳುಗಳನ್ನು ನೋಡಿ ಬರೆದದ್ದು: ಮೊದಲ ವಾರ ಗಲಿಬಿಲಿ, ಆಮೇಲೆ ಸುಮಾರು ಒಂದು ತಿಂಗಳು ಪಳಗಿದ ಕೈ, ನಂತರ ಸಣ್ಣದಕ್ಕೂ ಸಿಡಿಯೋ ಹಂತ, ಅದಾದ ಮೇಲೆ ಮಂಕು. ಸತತ 60 ದಿನ ಕಾದಾಡಿದರೆ ಬದುಕುಳಿದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮಾನಸಿಕವಾಗಿ ಕೆಲಸಕ್ಕೆ ಬಾರದಂತಾಗ್ತಾರೆ ಅಂತ ಅವರ ಮಾತು. ಆಪೆಲ್ ಮತ್ತು ಬೀಬಿ ಬಿಡಿಬಿಡಿ ಕಾಳಗದ ದಿನಗಳನ್ನು ಕೂಡಿಸಿ ಹೇಳಿದ್ದು 200ರಿಂದ 240 ದಿನ. ಬ್ರಿಟಿಷರ ಯೋಧರು ಇನ್ನೂ ಹೆಚ್ಚು, 400 ದಿನದ ಹತ್ತಿರ ಬಾಳ್ತಾರೆ, ಯಾಕಂದ್ರೆ 12 ದಿನ ಮುಂಚೂಣಿ ಆದಮೇಲೆ 4 ದಿನ ಹಿಂದಕ್ಕೆ ಕರೆಸ್ಕೊಳ್ತಾರೆ ಅಂತಲೂ ಬರೆದರು. ಅಂದ್ರೆ ಮನುಷ್ಯ ಗಟ್ಟಿನಾ ಮೆದುವಾ ಅನ್ನೋದಕ್ಕಿಂತ ಬದಲಿ ಬಂತಾ ಇಲ್ವಾ ಅನ್ನೋದೇ ನಿರ್ಧಾರ ಮಾಡೋದು. ಎಆರ್-558ರಲ್ಲಿ 90 ದಿನದ ನಿಯಮ ಮುರಿದು ಐದು ತಿಂಗಳಾಯ್ತು ಅಂತ ಬರೆದವರು ಈ ಲೆಕ್ಕವನ್ನ ಸುಮ್ಮನೆ ಹಾಕಿಲ್ಲ.

ನಿಮ್ಮ ಹತ್ತು ಜನಕ್ಕೆ ಪಾಳಿ ಲೆಕ್ಕ ಹಾಕಿ. ಯಾವಾಗಲೂ ಇಬ್ಬರು ಕಾವಲು ಅಂದ್ರೆ ದಿನಕ್ಕೆ 48 ಗಂಟೆ ಕಾವಲು. ಹತ್ತು ಜನ ಇದ್ದಾಗ ತಲೆಗೆ 4.8 ಗಂಟೆ, ಆರಾಮ. ಏಳಕ್ಕಿಳಿದರೆ ಸುಮಾರು 7. ನಾಲ್ಕಕ್ಕಿಳಿದರೆ 12 ಗಂಟೆ, ಅದರ ಮೇಲೆ ಅಡುಗೆ, ನೀರು, ಯಂತ್ರ ರಿಪೇರಿ, ಗಾಯಾಳು. ಶತ್ರು ಒಂದು ಗುಂಡೂ ಹಾರಿಸದೆ ಇವರು ಇಲ್ಲೇ ಸೋತರು. 24 ಗಂಟೆ ಸತತ ಎಚ್ಚರ ಇದ್ದವನ ಕೈಚಳಕ ರಕ್ತದಲ್ಲಿ 0.10 ಶೇಕಡಾ ಮದ್ಯ ಇರೋನಷ್ಟು ಕುಸಿಯುತ್ತೆ. ಮೊದಲು ಹೋಗೋದು ಶೌರ್ಯ ಅಲ್ಲ, ಸಣ್ಣ ಕೆಲಸ. ಬ್ಯಾಟರಿ ಬದಲಿಸಿದ್ದನ್ನ ದಾಖಲೆ ಪುಸ್ತಕಕ್ಕೆ ಬರೆಯಲ್ಲ. ಸಂಕೇತಪದ ಮರೀತಾನೆ. ಪಕ್ಕದವನು ಕೆಮ್ಮಿದರೆ ಕೊಲ್ಲೋಷ್ಟು ಕೋಪ ಬರುತ್ತೆ. ನಾಟಕದಲ್ಲಿ ಮುರಿಯೋದನ್ನ ಹೀಗೆ ತೋರಿಸಿ. ಗೋಡೆ ಮೇಲೆ ಪಾಳಿಪಟ್ಟಿ ಇರಲಿ, ದೃಶ್ಯದಿಂದ ದೃಶ್ಯಕ್ಕೆ ಹೆಸರುಗಳ ಮೇಲೆ ಗೀಟು ಬೀಳ್ತಾ ಹೋಗಲಿ.

ಇನ್ನು ಜಾಗ. ಕೊಡಚಾದ್ರಿ 1343 ಮೀಟರ್, ಜುಲೈನಲ್ಲಿ ಹತ್ತು ಹೆಜ್ಜೆ ಆಚೆ ಕಾಣದ ದಿನಗಳೇ ಹೆಚ್ಚು. ನಾಗ್‌ನನ್ನ ಗಸ್ತಿಗೆ ಕಳಿಸಿದ್ದು ಫೆರೆಂಗಿ ಕಿವಿ ಚುರುಕು ಅಂತ. ಇಲ್ಲಿ ಆ ಕಿವಿಗೂ ಕೆಲಸವಿಲ್ಲ, ಜಡಿಮಳೆ ಎಲ್ಲ ಸದ್ದನ್ನೂ ನುಂಗಿಬಿಡುತ್ತೆ. ಮಳೆ ತುಸು ಬಿಟ್ಟಾಗ ಕಾವಲಿನವರು ಕೇಳಬೇಕಾದ್ದು ಹೆಜ್ಜೆ ಸದ್ದನ್ನಲ್ಲ, ಕಪ್ಪೆಗಳನ್ನ. ಹತ್ತಿರ ಯಾರಾದ್ರೂ ಹಾದರೆ ವಟಗುಟ್ಟೋ ಕಪ್ಪೆ ಗಪ್ಪಾಗುತ್ತೆ. ಒಂದು ದಿಕ್ಕಿನ ಕಪ್ಪೆ ಮಾತ್ರ ಸುಮ್ಮನಾದಾಗ ರಂಗದ ಮೇಲೆ ನಾಲ್ಕು ಜನ ತಲೆ ಎತ್ತಿದರೆ ಯಾವ ಸ್ಫೋಟವೂ ಬೇಡ. ಆದರೆ ಕಪ್ಪೆ ಹಾವಿಗೂ ಸುಮ್ಮನಾಗುತ್ತೆ, ಕಾಡುಹಂದಿಗೂ ಸುಮ್ಮನಾಗುತ್ತೆ. ಸುಳ್ಳು ಎಚ್ಚರಿಕೆಗಳೇ ಜಾಸ್ತಿ. ಮೂರನೇ ವಾರಕ್ಕೆ ಒಬ್ಬ ಪ್ರತಿ ಸಲವೂ ಗುಂಡು ಹಾರಿಸೋನಾಗಿರ್ತಾನೆ, ಇನ್ನೊಬ್ಬ ತಲೆ ಎತ್ತೋದನ್ನೇ ಬಿಟ್ಟಿರ್ತಾನೆ. ಅದೇ ನಿಮ್ಮ ಹುಡಿನಿ.

ಕಾಲು. ಬೂಟೊಳಗೆ ಎರಡು ಮೂರು ದಿನ ನೀರು ನಿಂತರೆ ಅಂಗಾಲು ಬೆಳ್ಳಗಾಗಿ ಸುಕ್ಕುಗಟ್ಟಿ, ಮೆಟ್ಟಿದರೆ ಹರಳು ಚುಚ್ಚಿದಂತಾಗುತ್ತೆ. ವಿಯೆಟ್ನಾಂನ ಗದ್ದೆಗಳಲ್ಲಿ ಪಡೆಗಳನ್ನ ಮಲಗಿಸಿದ್ದು ಇದು. ಔಷಧ ಏನಿಲ್ಲ, 24 ಗಂಟೆಯಲ್ಲಿ 8 ಗಂಟೆ ಕಾಲು ಒಣಗಿರಬೇಕು, ಅಷ್ಟೇ. ಮೇಲಿನ ಪಾಳಿ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ, ನಾಲ್ಕು ಜನಕ್ಕೆ ಅದು ಸಾಧ್ಯವೇ ಇಲ್ಲ. ಉಂಬಳ (ಜಿಗಣೆ) ಅಂತೂ ಇದ್ದೇ ಇದೆ. ಹೊಗೆಸೊಪ್ಪಿನ ನೀರಲ್ಲಿ ನೆನೆಸಿದ ಕಾಲುಚೀಲ ಹಾಕಿದರೂ ಧಾರಾಕಾರ ಮಳೆಗೆ ತೊಳೆದು ಹೋಗುತ್ತೆ. ಉಂಬಳ ಕಡಿದದ್ದು ನೋಯಲ್ಲ, ರಕ್ತ ನಿಲ್ಲಲ್ಲ ಅಷ್ಟೆ. ಗಾಯ ಆಗದವನೂ ಕಾಲಿನ ರಕ್ತ ನೋಡಿ ಬೆಚ್ಚೋ ಕ್ಷಣಕ್ಕೆ ಬಳಸ್ಕೊಳ್ಳಿ.

ಕಂತಿನಲ್ಲಿ ಜೆಮ್‌ಹಡಾರ್‌ಗಳು ಮೊದಲು ಹೋಲೋಗ್ರಾಂ ಸೈನಿಕರನ್ನ ಕಳಿಸ್ತಾರಲ್ಲ, ಕಾವಲಿನವರು ಗುಂಡು ಹಾರಿಸಿ ತಾವಿರೋ ಜಾಗ ತಾವೇ ತೋರಿಸ್ಕೊಳ್ಳಲಿ ಅಂತ. ಅದಕ್ಕೆ ಬೆಟ್ಟದಲ್ಲಿ ಯಂತ್ರ ಬೇಡ. ಮಳೆ ಬಿಟ್ಟು ಬೆನ್ನ ಹಿಂದೆ ತಗ್ಗಿನ ಬಿಸಿಲು ಬಿದ್ದು ಎದುರಿನ ಕಣಿವೇಲಿ ಮಂಜು ತುಂಬಿದ್ದರೆ ನಿಮ್ಮದೇ ನೆರಳು ದೈತ್ಯನಾಗಿ ಮಂಜಿನ ಮೇಲೆ ನಿಲ್ಲುತ್ತೆ, ತಲೆ ಸುತ್ತ ಬಣ್ಣದ ಬಳೆ. ಬ್ರಾಕನ್ ಭೂತ ಅಂತ ಅದಕ್ಕೆ ಹೆಸರು. ನೋಡೋನಿಗೆ ತನ್ನ ತಲೆ ಸುತ್ತ ಮಾತ್ರ ಬಳೆ ಕಾಣುತ್ತೆ, ಪಕ್ಕದವನ ನೆರಳಿಗೆ ಕಾಣಲ್ಲ. ಇಬ್ಬರು ಕಾವಲಿನವರು ‘ನಾನು ಕಂಡದ್ದು ನೀನ್ಯಾಕೆ ಕಾಣ್ತಿಲ್ಲ’ ಅಂತ ಜಗಳಕ್ಕೆ ಬೀಳೋಕೆ ಇದಕ್ಕಿಂತ ಏನು ಬೇಕು.

ತುಂಗೆಯ ದಡ:

ಕಪ್ಪೆ ಮತ್ತು ಪಾಳಿಪಟ್ಟಿ ಎರಡೂ ಒಳಗೆ ಬಂದವು, ಕಿರುಚಾಟದ ದೃಶ್ಯ ಹೊರಗೆ ಹೋಯ್ತು. ಮೂರನೇ ಅಂಕಕ್ಕೆ ನನ್ನ ಯೋಚನೆ ಹೀಗಿದೆ: ಲಾಸ್ ವೇಗಸ್ ಬದಲು ಬೆಳಕಿನ ಯಕ್ಷಗಾನ ಮೇಳ. ಯೋಧ ಡೇರೆಯೊಳಗೆ ಸೇರ್ಕೊಂಡು ಟಿಕೆಟ್ ಲೆಕ್ಕ ಬರ್ಕೊಂಡು ಇರ್ತಾನೆ, ರಾತ್ರಿಯೆಲ್ಲ ಆಟ, ಬೆಳಗಾಗೋದೇ ಇಲ್ಲ. ವಿಕ್‌ನ ಜಾಗದಲ್ಲಿ ಭಾಗವತ. ಯಾವ ಪ್ರಸಂಗ ಆಡಿಸಲಿ ಅನ್ನೋದು ಬಗೆಹರಿದಿಲ್ಲ.

ಬೃಹನ್ನಳೆ:

ಉತ್ತರ ಗೋಗ್ರಹಣ. ಬೇರೆ ಹುಡುಕ್ಲೇಬೇಡಿ.

ಉತ್ತರಕುಮಾರನನ್ನ ನಾವು ನಗೋಕೇ ಇಟ್ಕೊಂಡಿದ್ದೀವಿ. ಅಂತಃಪುರದಲ್ಲಿ ಕೊಚ್ಚಿಕೊಂಡು ಹೊರಟವನು ಕೌರವ ಸೇನೆ ಕಂಡದ್ದೇ ರಥದಿಂದ ಹಾರಿ ಓಡ್ತಾನೆ. ಈಗ ಮಧ್ಯರಾತ್ರಿ ಪಾಳಿಯವರು ಬರೆದದ್ದನ್ನ ಪಕ್ಕಕ್ಕಿಟ್ಟು ಅರ್ಜುನ ಏನು ಮಾಡಿದ ನೋಡಿ. ಅಟ್ಟಿಸಿಕೊಂಡು ಹೋಗಿ ಹಿಡಿದು ತರ್ತಾನೆ, ಆದರೆ ‘ಯುದ್ಧ ಮಾಡು’ ಅನ್ನಲ್ಲ. ನೀನು ರಥ ಹೊಡಿ, ಕಾದೋದು ನನ್ನ ಕೆಲಸ ಅಂತಾನೆ. ನೇರ ರಣಕ್ಕೂ ಒಯ್ಯಲ್ಲ. ಮೊದಲು ಬನ್ನಿಮರದ ಹತ್ತಿರ ಕರ್ಕೊಂಡು ಹೋಗಿ ಹತ್ತಿಸ್ತಾನೆ, ಹೆಣದ ಹಾಗೆ ಕಟ್ಟಿಟ್ಟ ಆಯುಧದ ಗಂಟು ಇಳಿಸ್ತಾನೆ. ಹೆದರಿದವನ ಕೈಗೆ ಸಣ್ಣದೊಂದು ಕೆಲಸ, ಅದರಲ್ಲೂ ಹೆದರಿಕೆಯದ್ದೇ. ಆಮೇಲೆ ಹುಡುಗ ಅನುಮಾನ ಪಟ್ಟು ಹತ್ತು ಹೆಸರು ಹೇಳು ನೋಡೋಣ ಅಂದ್ರೆ ಸಿಟ್ಟಾಗದೆ ಹತ್ತೂ ಹೇಳ್ತಾನೆ. ಏಣಿಯ ಮೆಟ್ಟಿಲು ಎಣಿಸಿಕೊಳ್ಳಿ. ಕುಮಾರವ್ಯಾಸನ ಓದುಗರಿಗೆ ಇದೆಲ್ಲ ಬಾಯಿಪಾಠ, ಹೀಗೆ ನೋಡಿದವರು ಕಮ್ಮಿ.

ಮಳೆ ಬರಲಿ ಅಂತ ವಿರಾಟಪರ್ವ ಓದಿಸೋ ಪದ್ಧತಿ ಬೇರೆ ಇದೆ. ನಿಮ್ಮ ಯೋಧನಿಗೆ ಮಳೆ ಸದ್ದೇ ಆಗಲ್ಲ. ಮೇಳದಲ್ಲಿ ಅದೇ ಪ್ರಸಂಗ ಶುರುವಾದಾಗ ಡೇರೆ ಮೇಲೆ ಹನಿ ಬೀಳಲಿ.

ಮಧ್ಯರಾತ್ರಿ ಪಾಳಿ:

ಹೋಲಿಕೆ ಒಪ್ಪಿದೆ, ಆದರೆ ಒಂದು ತಕರಾರು. ಅರ್ಜುನ ಮಾಡಿದ್ದು ಚಿಕಿತ್ಸೆಗಿಂತ ಮೊದಲ ಮಹಾಯುದ್ಧದ ಸೇನಾವೈದ್ಯರ ಸೂತ್ರಕ್ಕೆ ಹತ್ತಿರ: ಮುಂಚೂಣಿಯ ಸಮೀಪದಲ್ಲೇ, ತಕ್ಷಣವೇ, ‘ನೀನು ಮರಳಿ ಹೋಗ್ತೀಯ’ ಅನ್ನೋ ನಿರೀಕ್ಷೆ ಇಟ್ಟುಕೊಂಡೇ ಉಪಚರಿಸು. ಕೆಲವು ದಿನ ಊಟ, ನಿದ್ದೆ, ವಾಪಸ್ ಕಂದಕಕ್ಕೆ. ದೂರದ ಆಸ್ಪತ್ರೆಗೆ ಸಾಗಿಸಿದವರಿಗಿಂತ ಇವರು ಬೇಗ ಎದ್ದು ನಿಂತದ್ದು ನಿಜ. 1982ರ ಲೆಬನಾನ್ ಯುದ್ಧದ ಇಸ್ರೇಲಿ ಯೋಧರಲ್ಲೂ ಇದು ಕಂಡಿದೆ. ಆದರೆ ಆ ಸೂತ್ರ ಹುಟ್ಟಿದ್ದು ಸೈನ್ಯಕ್ಕೆ ತಲೆ ಕಮ್ಮಿಯಾಗಬಾರದು ಅಂತ. ನಾಗ್ ಕೂಡ ಕೊನೆಗೆ ಹಗುರ ಕೆಲಸದ ಮೇಲೆ ಸೇನೆಗೇ ಮರಳ್ತಾನೆ. ಗೆದ್ದ ಕೀರ್ತಿಯನ್ನ ವಿರಾಟ ಮಗನಿಗೆ ಕಟ್ಟಿದಾಗ ಉತ್ತರನ ಮುಖ ಹೇಗಿತ್ತು ಅಂತ ನಿಮ್ಮ ಭಾಗವತ ಕೇಳಲಿ, ಯೋಧ ಉತ್ತರಿಸಲಿ. ಅವನು ಸೇನೆಗೆ ಹೋಗ್ತಾನೋ ಇಲ್ವೋ ಅನ್ನೋದು ನಿಮಗೆ ಬಿಟ್ಟದ್ದು.

ಭಾಗವತ ತಾನಾಗಿ ದೀಪ ಆರಿಸೋದಾದ್ರೆ ಮಾತ್ರ ಒಂದೇ ಏಟಿಗೆ ಬೇಡ. ಮೊದಲು ಆಟ ಮಧ್ಯರಾತ್ರಿಗೇ ಮುಗಿಯಲಿ, ಮರುದಿನ ಹತ್ತಕ್ಕೆ, ಆಮೇಲೆ ಬರೀ ಚಂಡೆ ಪೆಟ್ಟು. ಅಷ್ಟರಲ್ಲಿ ಕನ್ನಡಿ ದೃಶ್ಯ ಮುಗಿದಿರಲಿ.

ಹೊಸನಗರ ಹೋಲೋಸೂಟ್:

ಹೂವರ್ ಪರೀಕ್ಷೆ ಇಡೋದಾದ್ರೆ ಮಂಚವನ್ನ ಪ್ರೇಕ್ಷಕರಿಗೆ ಅಡ್ಡಲಾಗಿ ಹಾಕಿ, ಸೋತ ಕಾಲು ಜನರ ಕಡೆಗೆ. ಉದ್ದುದ್ದ ಹಾಕಿದರೆ ಹಿಮ್ಮಡಿ ಅಂಗೈ ಒತ್ತೋದು ಮೊದಲ ಸಾಲಿನವರಿಗೂ ಕಾಣಲ್ಲ. ಅಂಗೈ ಕೆಳಗೆ ತೆಳು ದಿಂಬು ಇಟ್ಟರೆ ಅದು ಕುಸಿಯೋದು ಹಿಂದಿನ ಸಾಲಿಗೂ ಗೊತ್ತಾಗುತ್ತೆ.